ಸಾಕು ಎಂದವರು

ಗಲ್ಲು ಬೇಕು ಎಂದವರೇ ಹಗ್ಗ ಎಳೆಯಬೇಕು, ಜೀವಾವಧಿ ಸಾಕು ಎಂದವರೇ ಕೈದಿಯನ್ನು ಮನೆಯಲ್ಲಿಟ್ಟು ಸಾಕಬೇಕು ಎಂಬ ಕಾನೂನು ಬಂದ ಮೇಲೆ ಧಾರವಾಡದ ಮೇಧಾವಿಗಳ ಬಾಯಿಗೆ ಬೀಗ ಬಿದ್ದಿತ್ತು. ಗಲ್ಲೋ ಜೀವಾವಧಿಯೋ ಎಂಬ ಚರ್ಚೆಯ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದ ಶಾಂಭವಿಗೆ ಅವರನ್ನೆಲ್ಲ ಕಂಡರೆ ವಾಕರಿಕೆ. ಟಿವಿಯಲ್ಲಿ ‘ನೇಣಿಗೆ ಹಾಕಿ’ ಎಂದು ಮೇಜು ಗುದ್ದುತ್ತಿದ್ದ ವಕೀಲರೊಬ್ಬರು, ಜೈಲಿನಿಂದ ಕರೆ ಬಂದ ದಿನವೇ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. “ತತ್ವ ಬ್ಯಾರೆ, ಹಗ್ಗ ಬ್ಯಾರೆ ನೋಡವಾ” ಎಂದಿದ್ದರು.

ಇವತ್ತು ಅವಳು ಬಂದದ್ದು ತನ್ನ ಗೈಡ್ ಬೆಣ್ಣಿಮಠ ಸರ್ ಮನೆಗೆ. ಸಭೆಯೊಂದರಲ್ಲಿ ಚಪ್ಪಾಳೆಯ ಆಸೆಗೆ ‘ಜೀವಾವಧಿ ಸಾಕು’ ಎಂದು ಸಿಕ್ಕಿಬಿದ್ದವರು ಅವರು. ಚಹಾ ತಂದವನೇ ಅವರ ಪಾಲಿಗೆ ಬಂದ ಕೊಲೆಗಾರ, ಬಸಲಿಂಗ.

ಅವನು ಒಳಗೆ ಹೋದದ್ದೇ ಸರ್ ಪಿಸುಗುಟ್ಟಿದರು. “ಇವನ್ನ ಸಾಕೂದು ಆಗವಲ್ದವಾ. ಗಲ್ಲಿಗೆ ಹಾಕಿದ್ರ ಛಲೋ ಇತ್ತು.”

“ಹಂಗ ಬರ್ಕೊಳ್ಳೇನ್ರಿ, ಸರ್?”

“ಏ, ಬ್ಯಾಡ! ಹಗ್ಗ ನಾನೇ ಎಳೀಬೇಕಾಗ್ತದ!”

ಹೇಡಿ ಮುದುಕ, ಎಂದುಕೊಂಡಳು ಶಾಂಭವಿ.

ಬಸಲಿಂಗ ಚಹಾದ ಕಿಟ್ಲಿ ಹಿಡಿದು ಮತ್ತೆ ಬಂದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು. “ನೀವೇನಂತೀರಿ, ಅಕ್ಕಾರ? ನನಗ ಗಲ್ಲೋ, ಜೀವಾವಧಿನೋ?”

ಶಾಂಭವಿಗೆ ತನ್ನ ಒಂದೇ ಕೋಣೆಯ ಮನೆ ನೆನಪಾಯಿತು. ಆಮೇಲೆ ತನ್ನ ಬಲಗೈ.

“ಈ ಬಗ್ಗೆ ಇನ್ನೂ ಹೆಚ್ಚಿನ ಸಂಶೋಧನೆ ಆಗಬೇಕಪಾ.”

“ಮಾಡ್ರಿ, ಮಾಡ್ರಿ,” ಎಂದು ಅವನು ನಕ್ಕ. “ಚಹಾ ಇನ್ನಷ್ಟು ಹಾಕ್ಲೇನ್ರಿ?”

ಸಾಕು ಎನ್ನಲು ಬಾಯಿ ತೆರೆದ ಶಾಂಭವಿ, ತಟ್ಟನೆ ಬಾಯಿ ಮುಚ್ಚಿ ಕಪ್ಪನ್ನು ಮುಂದೆ ಹಿಡಿದಳು.