ಗಂಜಿಯ ಉಪ್ಪು

ಗಂಡನ ಮೂಗಿನ ಪೈಪಿಗೆ ಹಾಕುವ ಮೊದಲು ಅವಳು ಒಂದು ಚಮಚ ಗಂಜಿ ಬಾಯಿಗಿಟ್ಟು ನೋಡಿ, ಅದೇ ಚಮಚವನ್ನು ಮತ್ತೆ ಲೋಟಕ್ಕೆ ಅದ್ದಿದಳು.

"ಏನಮ್ಮಾ ಇದು?" ನರ್ಸ್ ಲೋಟ ಕಿತ್ತುಕೊಂಡಳು.

"ಉಪ್ಪು ನೋಡಿದೆ. ಸಪ್ಪೆ ಆದ್ರೆ ಇವರು ತಟ್ಟೆ ತಳ್ಳಿಬಿಡ್ತಾರೆ."

"ಪೈಪಲ್ಲಿ ಹೋಗೋದಕ್ಕೆ ಎಲ್ಲಿಯ ರುಚಿ? ಎಂಜಲು ಬೆರೆತ್ರೆ ಕ್ರಿಮಿ ಬೆಳೆಯುತ್ತೆ, ಜೀವಕ್ಕೇ ಅಪಾಯ." ನರ್ಸ್ ಗಂಜಿಯನ್ನೆಲ್ಲ ಚೆಲ್ಲಿದಳು.

ಆಮೇಲೆ ನಲವತ್ತು ದಿನ ಅವಳು ಸೋಪು ಹಚ್ಚಿ ಕೈ ತೊಳೆದಳು, ಚಮಚ ಕುದಿಸಿದಳು, ಒಮ್ಮೆಯೂ ರುಚಿ ನೋಡಲಿಲ್ಲ. ಆದರೂ ಗಂಡ ಉಳಿಯಲಿಲ್ಲ.

ಹನ್ನೊಂದನೆಯ ದಿನ ಅವನ ಎಡೆಗೆಂದು ಸಾರು ಕುದಿಯುತ್ತಿತ್ತು. ಅವಳು ಸೌಟು ಎತ್ತಿ ಅಂಗೈಗೆ ಎರಡು ಹನಿ ಬಿಟ್ಟುಕೊಂಡಳು.

"ಎಡೆಗಿಡೋದು ಕಣೇ, ರುಚಿ ನೋಡಬಾರದು!" ಅತ್ತಿಗೆ ಗದರಿದಳು.

ಅವಳು ಅಂಗೈ ನೆಕ್ಕಿದಳು.

"ನೋಡ್ಲೇಬೇಕು ಅತ್ತಿಗೆ. ಇವತ್ತು ಅವರು ಬಾಯಲ್ಲಿ ಉಣ್ತಾರೆ."