ಒಬ್ಬರನ್ನು ಬಿಟ್ಟು

ಆ ಬೆಳಿಗ್ಗೆ ಮಂಜು ಕಿಟಕಿಯ ಗಾಜಿಗೆ ಅಂಟಿಕೊಂಡು ಕೂತಿತ್ತು. ಗಂಟೆ ಒಂಬತ್ತಾದರೂ ಏಳುವ ಮನಸ್ಸು ಮಾಡಿರಲಿಲ್ಲ. ಚರ್ಚಿನ ವೃದ್ಧ ಗುರುಗಳ ನಿವಾಸದ ಓದುಕೋಣೆಯಲ್ಲಿ ಕಾರ್ಡಿನಲ್ಲರು ದೀಪ ಹಾಕಿಕೊಂಡೇ ತಮ್ಮ ಆತ್ಮಕಥೆಯ ಕೊನೆಯ ಕರಡಿಗೆ ರುಜು ಹಾಕುತ್ತಿದ್ದರು. ಎದುರಿಗೆ ಕೂತದ್ದು ಮುದ್ರಣಾಲಯದ ಕರಡು ತಿದ್ದುವ ಹೆಂಗಸು. ಅರವತ್ತು ದಾಟಿದಾಕೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಂದೊಂದೇ ಹಾಳೆಯನ್ನು ಮುಂದಕ್ಕೆ ತಳ್ಳುತ್ತಿದ್ದಳು. ಮಧ್ಯಾಹ್ನಕ್ಕೆಲ್ಲ ಪುಸ್ತಕ ಅಚ್ಚಿಗೆ ಹೋಗಬೇಕು.

“ಹದಿನೇಳು ಕಡೆ ನಿಮ್ಮ ಧರ್ಮಕ್ಕೆ ಹೊಟ್ಟೆ ಸೀಳೇ ಇರಲಿಲ್ಲ ಸ್ವಾಮಿ. ನಾನೇ ಸೀಳಿದೆ.”

ಕಾರ್ಡಿನಲ್ಲರು ನಕ್ಕರು. “ನಲವತ್ತು ವರ್ಷ ಪರಭಾಷೆಯಲ್ಲೇ ರಾಯಭಾರ ಮಾಡಿದ ಕೈ ಅಮ್ಮಾ. ಮಹಾಪ್ರಾಣ ಎಲ್ಲೋ ದಾರೀಲಿ ಬಿದ್ದುಹೋಯ್ತು.”

“ಅಲ್ಪಪ್ರಾಣ ಆದ್ರೂ ಉಳಿದಿದೆಯಲ್ಲ, ಈ ವಯಸ್ಸಿಗೆ ಅದೇ ದೊಡ್ಡದು.” ಆಕೆ ನೂರ ನಾಲ್ಕನೆಯ ಪುಟವನ್ನು ಮುಂದಿಟ್ಟಳು. ಅದರ ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆಚಿಹ್ನೆಯಿತ್ತು. “ಇಲ್ಲಿ, ‘ಆ ದೇಶದ ಸೆರೆಯಲ್ಲಿದ್ದ ನಮ್ಮ ಹನ್ನೆರಡು ಮಂದಿ ಗುರುಗಳನ್ನು ಮಾತುಕತೆಯಿಂದಲೇ ಬಿಡಿಸಿದೆ’ ಅಂತಿದೆ. ಕೊನೇಲಿ ಕೊಟ್ಟಿರೋ ಪಟ್ಟಿ ನೋಡಿದ್ರೆ ಹೆಸರು ಹನ್ನೊಂದೇ. ಯಾವುದು ಸರಿ?”

“ಹನ್ನೆರಡು ಅಂದ್ರೆ… ಸುಮಾರಾಗಿ ಬರೆದದ್ದು.”

“ಕುರಿ ಕಾಯೋನು ಕೂಡ ಸುಮಾರಾಗಿ ಎಣಿಸಲ್ಲ ಸ್ವಾಮಿ.”

ಕಾರ್ಡಿನಲ್ಲರ ಲೇಖನಿ ನಿಂತಿತು. ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ ಮಂತ್ರಿಗಳ ಸಿಟ್ಟನ್ನು ಇಳಿಸುತ್ತಿದ್ದವರು ಅವರು. ಬೇಡದ ಪ್ರಶ್ನೆಯನ್ನು ಹೂವು ಎತ್ತಿಟ್ಟಂತೆ ಪಕ್ಕಕ್ಕೆ ಎತ್ತಿಡುವುದು ಬಲ್ಲವರು. ಇವತ್ತು ಆ ವಿದ್ಯೆ ಕೈಗೆ ಬರಲಿಲ್ಲ.

“ಹನ್ನೊಂದೇ ಸರಿ ಅಮ್ಮಾ. ಹನ್ನೆರಡರಲ್ಲಿ ಒಂದು ಹೆಸರನ್ನ ನಾನೇ ಹೊಡೆದುಹಾಕಿದೆ.”

ಮೂವತ್ತೊಂದು ವರ್ಷದ ಹಿಂದೆ, ಉದ್ದನೆಯ ಮೇಜಿನಾಚೆ ಕೂತ ಆ ದೇಶದ ಮಂತ್ರಿ ಪಟ್ಟಿಯ ಎಂಟನೆಯ ಸಾಲಿನ ಮೇಲೆ ಬೆರಳಿಟ್ಟಿದ್ದ. ‘ಜೈಲಿನಿಂದಲೂ ನಮ್ಮ ವಿರುದ್ಧ ಬರೆಯುತ್ತಾನೆ, ಇವನು ಇಲ್ಲೇ ಇರಲಿ. ಗೆರೆ ನೀವೇ ಎಳೆಯಿರಿ, ಉಳಿದವರನ್ನು ಇವತ್ತೇ ಕರೆದುಕೊಂಡು ಹೋಗಿ.’ ಇವರು ಎಳೆದರು. ಹನ್ನೊಂದು ಮಂದಿ ಬಿಸಿಲಿಗೆ ಬಂದು ಇವರ ಉಂಗುರಕ್ಕೆ ಮುತ್ತಿಟ್ಟು ಅತ್ತರು. ಎರಡು ವರ್ಷಕ್ಕೆ ಕಾರ್ಡಿನಲ್ ಪದವಿಯ ಕೆಂಪು ಟೋಪಿ ತಲೆಯ ಮೇಲೆ ಬಂತು. ಏಳನೆಯ ವರ್ಷ ಆ ಒಬ್ಬರು ಅಲ್ಲೇ ತೀರಿಕೊಂಡರು. ಪಾಪನಿವೇದನೆಗೆ ಹೋದಾಗಲೆಲ್ಲ ‘ಹನ್ನೊಂದು ಜೀವ ಉಳಿಸಿದಿರಲ್ಲ’ ಎಂಬ ಸಮಾಧಾನ ಸಿಕ್ಕಿತೇ ಹೊರತು, ಅವರು ಹಂಬಲಿಸಿದ ದಂಡನೆ ಒಮ್ಮೆಯೂ ಸಿಗಲಿಲ್ಲ.

“ಈಗ ಏನಂತ ಬರೀಲಿ?”

“ಬರೆಯೋದು ನನ್ನ ಕೆಲಸ ಅಲ್ಲ, ತಿದ್ದೋದಷ್ಟೇ. ಎರಡು ಪದ ಸೇರಿಸಿದ್ರೆ ವಾಕ್ಯ ಸರಿಹೋಗುತ್ತೆ. ‘ಒಬ್ಬರನ್ನು ಬಿಟ್ಟು’.”

‘ಹನ್ನೆರಡು ಮಂದಿ ಗುರುಗಳನ್ನು, ಒಬ್ಬರನ್ನು ಬಿಟ್ಟು, ಮಾತುಕತೆಯಿಂದಲೇ ಬಿಡಿಸಿದೆ.’ ಕಾರ್ಡಿನಲ್ಲರು ಬಾಯೊಳಗೇ ಓದಿಕೊಂಡರು. ಏಳು ಭಾಷೆಗಳಲ್ಲಿ ಒಪ್ಪಂದ ಬರೆದವರನ್ನು ಯಾವ ಭಾಷೆಯೂ ಹೀಗೆ ಹಿಡಿದು ನಿಲ್ಲಿಸಿರಲಿಲ್ಲ. ಬಿಟ್ಟು ಎಂದರೆ ಹೊರತು. ಬಿಟ್ಟು ಎಂದರೆ ಕೈಬಿಟ್ಟು. ಓದುವವರು ಮೊದಲನೆಯ ಅರ್ಥ ಹಿಡಿದು ದಾಟಿಹೋಗಬಹುದು, ಅವರಿಗೆ ದಾಟಲಾಗಲಿಲ್ಲ.

ಆದರೂ ಬರೆದರು. ಬರೆದಮೇಲೆ ಪಟ್ಟಿಯ ಹಾಳೆಯನ್ನೂ ಎಳೆದುಕೊಂಡು, ಹನ್ನೊಂದು ಹೆಸರುಗಳ ಕೆಳಗೆ ಇನ್ನೊಂದನ್ನು ಸೇರಿಸಿದರು. “ದಿನಾ ಬೆಳಗಿನ ಪೂಜೇಲಿ ಈ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀನಮ್ಮಾ. ಇಷ್ಟು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ. ಅದೊಂದನ್ನಾದ್ರೂ ದೇವರು ಒಪ್ಕೊಂಡಿರಬಹುದು.”

ಆಕೆ ಓದಿದಳು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಓದಿದಳು.

“ಸ್ವಾಮಿ, ಇದು ನಮ್ಮಪ್ಪನ ಹೆಸರು.”

ಕಾರ್ಡಿನಲ್ಲರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ನೀವು ಗೆರೆ ಎಳೆದದ್ದು ನಮ್ಮಣ್ಣನಿಗೆ. ಆ ದೇಶದ ಕಾಗದಪತ್ರದಲ್ಲೆಲ್ಲ ಅಪ್ಪನ ಹೆಸರು ಮೊದಲು ಬರೀತಾರೆ, ಮಗನ ಹೆಸರು ಆಮೇಲೆ. ನೀವು ಮೊದಲನೇದಷ್ಟೇ ಓದ್ಕೊಂಡಿದ್ದೀರಿ.”

“ಹಾಗಾದ್ರೆ, ಇಷ್ಟು ವರ್ಷದ ಪ್ರಾರ್ಥನೆ…”

“ಅಪ್ಪನಿಗೆ ಸೇರಿರುತ್ತೆ, ಬಿಡಿ. ಹುಟ್ಟಿದಾಗಿನಿಂದ ದೇವಾಲಯದ ಮೆಟ್ಟಿಲು ಹತ್ತಿದ ಮನುಷ್ಯ ಅಲ್ಲ. ಅವರಿಗೂ ಯಾರಾದ್ರೂ ಬೇಕಿತ್ತು.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅದನ್ನಾದರೂ ಹಿಡಿದುಕೊಳ್ಳಬಹುದಿತ್ತು. ನಿಮ್ಮಣ್ಣನ ಹೆಸರೇನು ಎಂದು ಕೇಳಲು ಕಾರ್ಡಿನಲ್ಲರು ಬಾಯಿ ತೆರೆಯುವಷ್ಟರಲ್ಲಿ ಆಕೆ ಅವರು ಬರೆದ ಕೊನೆಯ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದಳು.

“ಹೆಸರು ಬೇಡ ಸ್ವಾಮಿ. ಆ ಎರಡು ಪದ ಇರಲಿ, ಸಾಕು.”

ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡು, ಅದೇ ಚೀಲದಿಂದ ಮಡಿಸಿ ಮಡಿಸಿ ಹಳದಿಯಾದ ಒಂದು ಕಾಗದ ತೆಗೆದಳು. “ಅಮ್ಮ ಹೋಗೋಕೆ ಮುಂಚೆ ನನ್ನ ಕೈಗೆ ಕೊಟ್ಟಿದ್ದು. ‘ಯಾರ ಹತ್ರಾನೂ ಮಾತಾಡಬೇಡಿ, ನಿಮ್ಮ ಮಗನನ್ನ ನಾನು ಕರ್ಕೊಂಡು ಬರ್ತೀನಿ’ ಅಂತ ನೀವು ಬರೆದಿದ್ರಿ. ಅವಳು ಏಳು ವರ್ಷ ಬಾಯಿ ಬಿಡಲಿಲ್ಲ. ಕೊಟ್ಟ ಮಾತು ನಿಮ್ದು, ನಿಮ್ಮ ಹತ್ರಾನೇ ಇರಲಿ.” ಮೇಜಿನ ಮೇಲಿಟ್ಟು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದಳು.

ಕಾರ್ಡಿನಲ್ಲರು ಕಾಗದ ಬಿಡಿಸಿದರು. ಗೆರೆ ಎಳೆದ ಮರುದಿನದ ತಾರೀಖಿತ್ತು. ದೀಪದ ಹತ್ತಿರ ಹಿಡಿದು, ಹೆಸರಿಗಾಗಿ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ಹಿಂದೆ ತಿರುಗಿಸಿ ನೋಡಿದರು. ತಮ್ಮದೇ ದುಂಡು ಅಕ್ಷರ. ಮಗನ ಮಾತು ಬಂದ ನಾಲ್ಕು ಕಡೆಯೂ ‘ನಿಮ್ಮ ಮಗ’ ಎಂದಷ್ಟೇ ಇತ್ತು.