ಯಾರೂ ಇಳಿಯದ ಗುಂಡಿ

ಹಗ್ಗ ಕಟ್ಟಿ ಮ್ಯಾನ್‌ಹೋಲಿಗೆ ಇಳಿಬಿಟ್ಟಿದ್ದ ಕ್ಯಾಮೆರಾದ ವಿಡಿಯೊ, ಆಪರೇಟರ್ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಮತ್ತೆ ನಿಂತುಹೋಯಿತು. ಮನುಷ್ಯರು ಗುಂಡಿಗೆ ಇಳಿಯಬಾರದೆಂದೇ ತರಿಸಿದ ವೈರ್‌ಲೆಸ್ ಕ್ಯಾಮೆರಾ ಅದು. ಸೆಂಟು ಹಾಕಿದ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡಿದ್ದ ಇಂಜಿನಿಯರ್ ಸಾಹೇಬರು ಪಕ್ಕದಲ್ಲಿ ನಿಂತಿದ್ದ ಕೆಲಸಗಾರನತ್ತ ತಿರುಗಿದರು. “ಸಿಗ್ನಲ್ ಮೇಲಕ್ಕೆ ಬರ್ತಿಲ್ಲ ಕಣಯ್ಯ. ನೀನೇ ಇಳಿದು ಅದನ್ನ ಸ್ವಲ್ಪ ಎತ್ತಿ ಹಿಡ್ಕೊ.”

ಅವನು ಅಂಗಿ ಬಿಚ್ಚಿಟ್ಟು ಇಳಿದ. ಪರದೆಯಲ್ಲಿ ಮೊದಲು ಮೂಡಿದ್ದು ಅವನ ಮುಖವೇ. ಎದೆಮಟ್ಟದ ಹೊಲಸಿನಲ್ಲಿ ತುಟಿ ಬಿಗಿಹಿಡಿದು ನಿಂತಿದ್ದ.

“ಆಹಾ, ಕನ್ನಡಿ ಹಂಗಿದೆ,” ಎನ್ನುತ್ತ ಸಾಹೇಬರು ಹುಡುಗಿಯ ಹೆಗಲ ಮೇಲಿಂದ ಬಗ್ಗಿ ನೋಡಿದರು. “ಯಾರನ್ನೂ ಇಳಿಸದೆ ಕೆಲಸ ಆಯ್ತು ಅಂತ ರಿಪೋರ್ಟ್ ಬರಿಯಮ್ಮ. ಇವನ ಮುಖ ಬರೋದನ್ನ ಕಟ್ ಮಾಡ್ಬಿಡು.”

ಬೆಳಗಿನಿಂದ ಗುಂಡಿಯ ನಾತವನ್ನು ಸಹಿಸಿಕೊಂಡಿದ್ದವಳಿಗೆ ಆ ಕರ್ಚೀಫಿನ ಸೆಂಟಿಗೆ ವಾಕರಿಕೆ ಬಂತು.